ಎಳೆಯ ಬೆರಳಿಗೆ ನಾಲ್ಕು ತಂತಿ

ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳ ವಿಷ್ಣುವರ್ಧನನಿಂದ ಕ್ರಿ.ಶ. 1117ರಲ್ಲಿ ಪ್ರತಿಷ್ಠಿತವಾಯಿತೆಂಬುದು ಸುವಿದಿತವಾಗಿದೆ. ಅಲ್ಲಿಯ ಮದನಿಕೆಯರಲ್ಲಿ ನರ್ತಿಸುವವರುಂಟು, ವಾದ್ಯ ನುಡಿಸುವವರುಂಟು. ಪಟ್ಟಮಹಿಷಿ ಶಾಂತಲೆಯ ಗೀತ ನೃತ್ಯ ಪ್ರಾವೀಣ್ಯವನ್ನು ಶಾಸನಗಳು ಕೊಂಡಾಡಿವೆ. ಇಂತಹ ನೆಲದಲ್ಲಿ ಬೆಳೆಯುವ ಮಗುವಿಗೆ ತಾನೂ ಒಂದು ವಾದ್ಯವನ್ನು ನುಡಿಸಬೇಕೆಂಬ ಆಸೆ ಮೂಡಿದರೆ ಆಶ್ಚರ್ಯವಿಲ್ಲ. ಆ ಆಸೆಯನ್ನು ಬಾಡಗೊಡದೆ ಬೆಳೆಸುವುದು ಹೇಗೆಂಬುದೇ ಇಲ್ಲಿಯ ವಿಚಾರ.

ನಮ್ಮ ವೀಣೆಯು ಸುಮಾರು ನಾಲ್ಕು ಅಡಿ ಉದ್ದದ ವಾದ್ಯ. ಅದರ 24 ಮೆಟ್ಟಿಲುಗಳ ಮೇಲೆ ಆರು ವರ್ಷದ ಶಿಶುವಿನ ಕೈ ಸಲೀಸಾಗಿ ಆಡದು. ಲೋಹದ ತಂತಿಯು ಎಳೆಯ ಬೆರಳಿನ ತುದಿಯನ್ನು ನೋಯಿಸುತ್ತದೆ. ಮೊದಲ ದಿನದ ಉತ್ಸಾಹವು ನೋವಾಗಿ, ನೋವು ಬೇಸರವಾಗಿ, ಕೊನೆಗೆ ವಾದ್ಯವು ಮೂಲೆ ಸೇರುತ್ತದೆ. “ಈ ಕೂಸಿಗೆ ಸಂಗೀತ ಒಲಿಯದು” ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ದೋಷವು ವಾದ್ಯದ ಗಾತ್ರದ್ದಾಗಿರಲು ಮಗುವನ್ನು ದೂರುವುದು ನ್ಯಾಯವಲ್ಲ.

ಇಂತಹ ಮಕ್ಕಳಿಗೆ ಒದಗಬಲ್ಲ ಒಂದು ಪುಟ್ಟ ವಾದ್ಯವೆಂದರೆ ಯುಕುಲೇಲೆ. ನೋಟಕ್ಕೆ ಗಿಟಾರಿನ ಮರಿಯಂತಿರುವ ಇದರ ಚಿಕ್ಕ ಬಗೆಯು ಎರಡು ಅಡಿಗೂ ಕಡಿಮೆ ಉದ್ದವುಳ್ಳದ್ದು. ಪೋರ್ಚುಗೀಸರ ಮದೈರಾ ದ್ವೀಪದಿಂದ ಕಬ್ಬಿನ ತೋಟಗಳ ಕೆಲಸಕ್ಕಾಗಿ 1879ರಲ್ಲಿ ಹವಾಯಿ ದ್ವೀಪಗಳಿಗೆ ಹಡಗಿನಲ್ಲಿ ಬಂದ ಜನರು ತಮ್ಮ ನಾಡಿನ ಸಣ್ಣ ತಂತೀವಾದ್ಯವನ್ನು ಜೊತೆಗೆ ತಂದರು. ಅವರಲ್ಲಿದ್ದ ಮರಗೆಲಸದವರು ಅದನ್ನೇ ತಿದ್ದಿ ಈ ವಾದ್ಯವನ್ನು ರೂಪಿಸಿದರು. ಹವಾಯಿಯ ದೊರೆ ಕಲಕೌವನು ಇದಕ್ಕೆ ಆಶ್ರಯವಿತ್ತನು. ಇದರ ತಂತಿಗಳು ನಾಲ್ಕೇ. ಅವು ಸಾಮಾನ್ಯವಾಗಿ ನೈಲಾನಿನವಾದ್ದರಿಂದ ಬೆರಳಿಗೆ ಮೃದು.

ಪರದೇಶದ ವಾದ್ಯವು ನಮ್ಮ ಸ್ವರಪಾಠಕ್ಕೆ ಹೊಂದುವುದೇ ಎಂಬ ಶಂಕೆ ಏಳಬಹುದು. ರೂಢಿಯ ಶ್ರುತಿಯಲ್ಲಿ ಎರಡನೆಯ ತಂತಿಯನ್ನು ಷಡ್ಜವೆಂದು ಭಾವಿಸಿದರೆ, ಮೇಲಿನಿಂದ ಕೆಳಕ್ಕೆ ನಾಲ್ಕು ತಂತಿಗಳೂ ಕ್ರಮವಾಗಿ ಪಂಚಮ, ಷಡ್ಜ, ಅಂತರ ಗಾಂಧಾರ, ಚತುಶ್ರುತಿ ಧೈವತಗಳಾಗಿ ನುಡಿಯುತ್ತವೆ. ಈ ನಾಲ್ಕೂ ಮೋಹನ ರಾಗದ ಸ್ವರಗಳೇ. ಉಳಿದ ಚತುಶ್ರುತಿ ರಿಷಭಕ್ಕೆ ಷಡ್ಜದ ತಂತಿಯನ್ನು ಎರಡನೆಯ ಮೆಟ್ಟಿಲಿನಲ್ಲಿಯೂ, ತಾರ ಷಡ್ಜಕ್ಕೆ ಧೈವತದ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿಯೂ ಒತ್ತಿದರಾಯಿತು. ಎರಡೇ ಎಡೆಗಳಲ್ಲಿ ಬೆರಳಿಟ್ಟು ಮಗುವು ಮೋಹನದ ಆರೋಹಣ ಅವರೋಹಣಗಳನ್ನು ಪೂರ್ಣವಾಗಿ ನುಡಿಸಬಲ್ಲದು.

ಪುರಂದರದಾಸರು ಹಾಕಿಕೊಟ್ಟರೆಂದು ಪ್ರತೀತಿಯಿರುವ ಸರಳೆ ವರಸೆಗಳ ಮಾಯಾಮಾಳವಗೌಳವೂ ಇಲ್ಲಿ ಸುಲಭವೇ. ಷಡ್ಜದ ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿ ಒತ್ತಿದರೆ ಶುದ್ಧ ರಿಷಭ; ಗಾಂಧಾರದ ತಂತಿಯನ್ನು ಅಲ್ಲಿಯೇ ಒತ್ತಿದರೆ ಶುದ್ಧ ಮಧ್ಯಮ; ಪಂಚಮದ ತಂತಿಯನ್ನು ಒತ್ತಿದರೆ ಶುದ್ಧ ಧೈವತ. ಕಾಕಲಿ ನಿಷಾದ, ತಾರ ಷಡ್ಜಗಳು ಕೊನೆಯ ತಂತಿಯ ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳಲ್ಲಿ ದೊರೆಯುತ್ತವೆ. ಈ ರಾಗದಲ್ಲಿ ಸ್ವರಗಳು ಎರಡೆರಡಾಗಿ ಒತ್ತಿನಲ್ಲಿರುವುದನ್ನು ಗುರುವು ಬಾಯಲ್ಲಿ ವಿವರಿಸಬೇಕಾಗಿಲ್ಲ. ಮಗುವಿನ ಬೆರಳೇ ಅದನ್ನು ಕಂಡುಕೊಳ್ಳುತ್ತದೆ.

ಇನ್ನು ಕಲಿಸುವ ಕ್ರಮ. ಕಿವಿ ಮೊದಲು, ಕಂಠ ಅನಂತರ, ಕೈ ಕೊನೆಗೆ. ಗುರುವು ನುಡಿಸಿದ ಸ್ವರವನ್ನು ಮಗುವು ಕೇಳಿ, ಹಾಡಿ, ಆಮೇಲೆ ತಂತಿಯಲ್ಲಿ ಹುಡುಕಬೇಕು. ಹಾಡಲು ಬಾರದ ಸ್ವರವನ್ನು ಬೆರಳಿನಿಂದ ಮಾತ್ರ ನುಡಿಸುವುದು ಅರ್ಥವರಿಯದೆ ಓಲೆಯನ್ನು ಓದಿದಂತೆ. ಮೊದಲ ವಾರದಲ್ಲಿ ತೆರೆದ ತಂತಿಗಳನ್ನಷ್ಟೇ ಮೀಟಿ, ಬಾಯಲ್ಲಿ ಆದಿತಾಳದ ಎಂಟು ಅಕ್ಷರಗಳನ್ನು ಎಣಿಸಿಸಬೇಕು. ಒತ್ತುವಾಗ ಮೆಟ್ಟಿಲಿನ ಮೇಲಲ್ಲ, ಅದರ ಹಿಂದೆ ಸಮೀಪದಲ್ಲಿ ಬೆರಳಿಡಬೇಕು. ಆಗ ಕಡಿಮೆ ಬಲದಿಂದಲೇ ನಾದವು ಸ್ಪಷ್ಟವಾಗುತ್ತದೆ. ಹೊಸ ನೈಲಾನ್ ತಂತಿಯು ಹಿಗ್ಗಿ ಇಳಿಯುವುದರಿಂದ ಗುರುವು ಪ್ರತಿದಿನವೂ ಬಿರಡೆಯನ್ನು ತಿರುವಿ ಶ್ರುತಿ ಸರಿಪಡಿಸಿಯೇ ವಾದ್ಯವನ್ನು ಮಗುವಿನ ಕೈಗೆ ಕೊಡಬೇಕು. ಅಪಶ್ರುತಿಗೆ ಪಳಗಿದ ಕಿವಿಯನ್ನು ತಿದ್ದುವುದು ದುಸ್ಸಾಧ್ಯ. ಅಭ್ಯಾಸವು ದಿನಕ್ಕೆ ಹತ್ತು ನಿಮಿಷವಿದ್ದರೆ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದಕ್ಕಿಂತ ಅದು ಲೇಸು. ಮಗುವು “ಇನ್ನೊಮ್ಮೆ” ಎನ್ನುತ್ತಿರುವಾಗಲೇ ಪಾಠವನ್ನು ನಿಲ್ಲಿಸುವವನು ಜಾಣ ಗುರು. ಬಂಧುಗಳೆದುರು ಬಲವಂತವಾಗಿ ನುಡಿಸುವುದಂತೂ ಸಲ್ಲದು.

ಈ ವಾದ್ಯದ ಮಿತಿಯನ್ನೂ ಮರೆಯಲಾಗದು. ರೂಢಿಯ ಶ್ರುತಿಯಲ್ಲಿ ಷಡ್ಜಕ್ಕಿಂತ ಕೆಳಗಿನ ಮಂದ್ರಸ್ವರಗಳು ಇದರಲ್ಲಿಲ್ಲ. ವೀಣೆಯ ಎತ್ತರದ ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆದು ಸಾಧಿಸುವ ಗಮಕವೂ ಇದಕ್ಕೆ ದಕ್ಕದು. ಗಮಕವಿಲ್ಲದೆ ನಮ್ಮ ರಾಗಗಳಿಗೆ ಪೂರ್ಣಸ್ವರೂಪ ಬಾರದು. ಆದುದರಿಂದ ಯುಕುಲೇಲೆಯನ್ನು ವೀಣೆಯ ಬದಲಿಗೆ ಇಡಬೇಕೆಂಬುದು ಈ ಲೇಖನದ ಆಶಯವಲ್ಲ. ಕೈ ಬೆಳೆದ ಮೇಲೆ, ಸ್ವರಜ್ಞಾನ ನೆಲೆಗೊಂಡ ಮೇಲೆ, ಮಗುವು ಬಯಸಿದರೆ ವೀಣೆಯ ಮುಂದೆ ಕುಳಿತುಕೊಳ್ಳಲಿ. ಆಗ ಅದು ಹೊಸದಾಗಿ ಕಲಿಯಬೇಕಾದುದು ಕೈಯ ವಿದ್ಯೆಯನ್ನು ಮಾತ್ರ. ಸ್ವರವು ಅದಾಗಲೇ ಕಿವಿಯಲ್ಲಿ ಮನೆಮಾಡಿರುತ್ತದೆ.

ಸಸಿಗೆ ಆಳೆತ್ತರದ ಊರುಗೋಲು ಬೇಡ. ಅದರ ಎತ್ತರಕ್ಕೆ ತಕ್ಕ ಕಡ್ಡಿಯೊಂದು ಸಾಕು. ಬಳ್ಳಿ ಬೆಳೆದಂತೆ ಚಪ್ಪರವನ್ನು ಹಿಗ್ಗಿಸುವುದು ಹಿರಿಯರಾದವರ ಕರ್ತವ್ಯ.