ನೀರು ನೋಡಿ ಮದ್ದು

ಫೈಟರ್ ಮೀನಿಗೆ ಕಿವಿರಿನ ಜೊತೆಗೆ ಉಸಿರಾಟದ ಇನ್ನೊಂದು ಅಂಗವಿದೆ. ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿರುವ ಈ ಲ್ಯಾಬಿರಿಂತ್ ಅಂಗದ ಬಲದಿಂದ ಅದು ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸಿ ಬದುಕಬಲ್ಲದು. ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿಯವರೆಗೆ ಅಕ್ವೇರಿಯಂ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಲೋಟಗಳಲ್ಲಿ ಒಂಟೊಂಟಿಯಾಗಿ ಮಾರಾಟಕ್ಕಿರುವ ಈ ಮೀನು ಅಷ್ಟು ಸ್ವಲ್ಪ ನೀರಿನಲ್ಲಿ ದಿನಗಟ್ಟಲೆ ಉಳಿಯುವುದು ಇದರಿಂದಲೇ. ಆದರೆ ಈ ಅಂಗ ಒದಗಿಸುವುದು ಆಮ್ಲಜನಕವನ್ನಷ್ಟೇ. ಮೀನಿನ ಕಿವಿರಿನಿಂದ ಹೊರಬೀಳುವ, ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತು ಹುಟ್ಟುವ ಅಮೋನಿಯಾದಿಂದ ಅದು ಮೀನನ್ನು ಕಾಪಾಡಲಾರದು. ಬೇರೆ ಮೀನಾದರೆ ಇಂಥ ನೀರಿನಲ್ಲಿ ಬಹಳ ಬೇಗ ಉಸಿರುಕಟ್ಟಿ ಸತ್ತು ನೀರು ಕೆಟ್ಟಿದೆಯೆಂದು ತಿಳಿಸಿಬಿಡುತ್ತದೆ. ಫೈಟರ್ ಸಾಯುವುದಿಲ್ಲ, ನವೆಯುತ್ತದೆ. ಕಿವಿರು ಉರಿಯುತ್ತದೆ, ಮೈಮೇಲಿನ ಲೋಳೆಯ ಪದರ ತೆಳುವಾಗುತ್ತದೆ, ಆರೋಗ್ಯವಂತ ಮೀನನ್ನು ಮುಟ್ಟದ ಬ್ಯಾಕ್ಟೀರಿಯಾಗಳು ಈಜುರೆಕ್ಕೆಯ ಅಂಚಿನಿಂದ ತಿನ್ನತೊಡಗುತ್ತವೆ. ಮನೆಯವರ ಕಣ್ಣಿಗೆ ಕಾಯಿಲೆ ಬೀಳುವುದು ಅಷ್ಟು ಹೊತ್ತಿಗೆ. ಆಗ ಅಂಗಡಿಯಿಂದ ಒಂದು ಸಣ್ಣ ಸೀಸೆ ಬರುತ್ತದೆ, ನೀರು ನೀಲಿಯಾಗುತ್ತದೆ, ಆ ನೀಲಿಯೊಳಗೆ ಅಮೋನಿಯಾ ಹಾಗೇ ಇರುತ್ತದೆ. ಮನೆಯಲ್ಲಿ ಫೈಟರ್ ಮೀನನ್ನು ಗುಣಪಡಿಸುವುದು ಮುಖ್ಯವಾಗಿ ನೀರಿನ ಕೆಲಸ. ಮದ್ದಿನ ಸರದಿ ಅದಾದ ಮೇಲೆ.

ಇದಕ್ಕೆ ಮೊದಲು ಎದುರಾಗುವ ಆಕ್ಷೇಪ ಹಳೆಯದು: ಈ ಮೀನು ಹುಟ್ಟಿದ್ದೇ ಥಾಯ್ಲೆಂಡಿನ ಗದ್ದೆಯ ಕೆಸರಿನಲ್ಲಿ, ಅದಕ್ಕೆ ಇಷ್ಟೆಲ್ಲ ಉಪಚಾರವೇಕೆ? ತವರು ಅದೇ, ನಿಜ. 1910ರಲ್ಲಿ ಚಾರ್ಲ್ಸ್ ಟೇಟ್ ರೀಗನ್ ಇದಕ್ಕೆ ‘ಬೆಟ್ಟ ಸ್ಪ್ಲೆಂಡೆನ್ಸ್’ ಎಂಬ ವೈಜ್ಞಾನಿಕ ಹೆಸರು ಕೊಡುವುದಕ್ಕೆ ಶತಮಾನಗಳ ಮೊದಲೇ ಅಲ್ಲಿನ ಜನ ಇದನ್ನು ಸಾಕಿ ಕಾದಾಟಕ್ಕೆ ಬಿಡುತ್ತಿದ್ದರು; 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಆದರೆ ಭತ್ತದ ಗದ್ದೆಯ ನೀರು ಆಳವಿಲ್ಲದಿದ್ದರೂ ವಿಶಾಲ. ಪೈರೂ ಪಾಚಿಯೂ ಅಮೋನಿಯಾವನ್ನು ಹೀರಿಕೊಳ್ಳುತ್ತವೆ, ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟಾಗಿ ಬದಲಾಯಿಸುತ್ತವೆ. ಬೇಸಿಗೆಯಲ್ಲಿ ಗುಂಡಿಗಳಲ್ಲಿ ಸಿಕ್ಕಿಬೀಳುವ ಮೀನು ಮುಂದಿನ ಮಳೆಯವರೆಗೆ ಕಷ್ಟ ಸಹಿಸುತ್ತದೆ, ಎಷ್ಟೋ ಸಾಯುತ್ತವೆ. ಆ ಸಹನೆಯನ್ನು ಅದರ ನಿತ್ಯದ ಬಾಳೆಂದು ತಿಳಿದು ಟಿವಿ ಪಕ್ಕದ ಎರಡು ಲೀಟರ್ ಗಾಜಿನ ಬೌಲಿಗೆ ಅಳವಡಿಸುವುದು ತಪ್ಪು. ಬೌಲಿನಲ್ಲಿ ಪೈರೂ ಇಲ್ಲ, ಮಣ್ಣೂ ಇಲ್ಲ. ಹೊಸ ಫಿಲ್ಟರ್ ಇಟ್ಟರೂ ಆ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ನೀರಿನ ಕೆಲಸ ಎಂದಾಗ ಯಾವ ನೀರು ಎಂದು ಕೇಳಬೇಕಾಗುತ್ತದೆ. ಪಶ್ಚಿಮ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅರ್ಕಾವತಿಗೆ ಅಡ್ಡಲಾಗಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಕುಡಿದು ಬೆಳೆದ ಈ ಭಾಗಕ್ಕೆ ಈಗ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಕಾವೇರಿಯೇ ಆಧಾರ. ಬಸವೇಶ್ವರನಗರದ ಮನೆಯೊಂದರ ಸಂಪಿನಲ್ಲಿ ಕಾವೇರಿಯೂ ಬೋರ್‌ವೆಲ್ ನೀರೂ ಬೆರೆತಿರಬಹುದು; ಕೆಂಗೇರಿಯ ಹೊಸ ಬಡಾವಣೆಯಲ್ಲಿ ಬರೀ ಬೋರ್‌ವೆಲ್ ಇರಬಹುದು; ಬೇಸಿಗೆ ಬಂದರೆ ಎಲ್ಲಿಂದಲೋ ತುಂಬಿಸಿಕೊಂಡ ಟ್ಯಾಂಕರ್ ನೀರು ಬರುತ್ತದೆ. ಮೂರರ ಗುಣವೂ ಬೇರೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರಲೇಬೇಕು: ಕುಡಿಯುವ ನೀರಿನ ಭಾರತೀಯ ಮಾನದಂಡ ಬಳಕೆದಾರರ ಮನೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆನ್ನುತ್ತದೆ. ನಮ್ಮನ್ನು ಕಾಯುವ ಈ ಪ್ರಮಾಣವೇ ಮೀನಿನ ಕಿವಿರನ್ನು ಸುಡಲು ಸಾಕು. ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ; ಅವಸರವಿದ್ದರೆ ಅಂಗಡಿಗಳಲ್ಲಿ ಆ್ಯಂಟಿಕ್ಲೋರಿನ್ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಆ ಕೆಲಸವನ್ನು ಕೂಡಲೇ ಮಾಡುತ್ತದೆ. ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರದಲ್ಲಂತೂ ಇದನ್ನು ಮರೆಯುವಂತಿಲ್ಲ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಕಾಟವಿಲ್ಲ, ಆದರೆ ಅದು ಗಡಸು. ಜೊತೆಗೆ ವೃಷಭಾವತಿ ಕಣಿವೆಯ ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಹಾಗಿರುವ ನೀರನ್ನು ಎಷ್ಟು ಬಾರಿ ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಇಳಿಯದು. ಹಾಗೆಂದು ಬರೀ ಆರ್‌ಒ ನೀರು ಸುರಿಯುವುದೂ ಪರಿಹಾರವಲ್ಲ, ಅದರಲ್ಲಿ ಮೀನಿಗೆ ಬೇಕಾದ ಲವಣಗಳೇ ಉಳಿದಿರುವುದಿಲ್ಲ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರವನ್ನು ತಿಳಿದುಕೊಳ್ಳಲೇಬೇಕು. ‘ನಿನ್ನೆಯಷ್ಟೇ ಪೂರ್ತಿ ನೀರು ಬದಲಿಸಿದೆ, ಬೆಳಿಗ್ಗೆ ಸತ್ತಿತ್ತು’ ಎಂಬ, ಮೀನು ಸಾಕುವವರೆಲ್ಲ ಕೇಳಿರುವ ದೂರಿಗೆ ಉತ್ತರ ಅದರಲ್ಲಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ವಿಷವಾದ ಅಮೋನಿಯಾ, ಹೆಚ್ಚು ಹಾನಿ ಮಾಡದ ಅಮೋನಿಯಂ. ಯಾವುದು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಪಿಎಚ್. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇರದು. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಐದು ಪಾಲಾಗುತ್ತದೆ. ಬಹಳ ದಿನ ಬದಲಿಸದ ಬೌಲಿನ ನೀರು ನಿಧಾನವಾಗಿ ಹುಳಿಯಾಗುತ್ತದೆ, ಅಮೋನಿಯಂ ತುಂಬಿದ್ದರೂ ಮೀನು ಹೇಗೋ ಹೊಂದಿಕೊಂಡಿರುತ್ತದೆ. ಆಗ ಅರ್ಧ ನೀರು ಚೆಲ್ಲಿ ಗಡಸು ಬೋರ್‌ವೆಲ್ ನೀರು ಸುರಿದರೆ ಪಿಎಚ್ ಥಟ್ಟನೆ ಏರಿ ಉಳಿದ ಅರ್ಧದಲ್ಲಿದ್ದ ಅಮೋನಿಯಂ ವಿಷವಾಗಿ ತಿರುಗುತ್ತದೆ. ಪೂರ್ತಿ ಚೆಲ್ಲಿದರೆ ಗಡಸುತನ, ಪಿಎಚ್, ಉಷ್ಣತೆ ಮೂರೂ ಒಂದೇ ನಿಮಿಷದಲ್ಲಿ ಬದಲಾದ ಆಘಾತ ಮೀನಿಗೆ ತಟ್ಟುತ್ತದೆ. ಕೊಂದದ್ದು ಶುಚಿತ್ವವಲ್ಲ, ಅದರ ಆತುರ. ಅಪಾಯದ ಮಟ್ಟ ಮುಟ್ಟಿದ ನೀರನ್ನು ಮೊದಲ ದಿನ ಕಾಲು ಭಾಗದಂತೆ ಎರಡು ಮೂರು ಸಲ, ಕೆಲವು ಗಂಟೆ ಬಿಟ್ಟು, ಅದೇ ಉಷ್ಣತೆಗೆ ತಂದ ನೀರಿನಿಂದ ಬದಲಿಸುವುದು ಕ್ಷೇಮ.

ಉಷ್ಣತೆಯ ವಿಚಾರದಲ್ಲಿ ಬೆಂಗಳೂರಿಗರಿಗೆ ತಮ್ಮ ಊರಿನ ಹವೆಯ ಮೇಲಿರುವ ಅಭಿಮಾನವೇ ಅಡ್ಡಿ. ನಮಗೆ ಹಿತವಾದ ಡಿಸೆಂಬರ್–ಜನವರಿಯ ರಾತ್ರಿ, ಹೊರಗೆ 15–16 ಡಿಗ್ರಿಗೆ ಇಳಿಯುವ ಆ ಚಳಿ, 25ರಿಂದ 28 ಡಿಗ್ರಿ ಬಯಸುವ ಈ ಮೀನಿಗೆ ಕಾಯಿಲೆಯ ಕಾಲ. ಹಗಲು ಕಿಟಕಿಯ ಬಿಸಿಲಿಗೆ ಕಾದು ರಾತ್ರಿ ತಣ್ಣಗಾಗುವ ಸಣ್ಣ ಬೌಲಿನಲ್ಲಿ ಏರಿಳಿತವೇ ದೊಡ್ಡ ತೊಂದರೆ. ತಂಪಿಗೆ ಮೀನಿನ ಜೀರ್ಣಶಕ್ತಿಯೂ ರೋಗ ತಡೆಯುವ ಶಕ್ತಿಯೂ ಕುಂದುತ್ತವೆ. ತಳದಲ್ಲಿ ಮಲಗಿ ಆಹಾರ ಮುಟ್ಟದ ಎಷ್ಟೋ ಮೀನುಗಳಿಗೆ ಬೇಕಿರುವುದು ಥರ್ಮೋಸ್ಟಾಟ್ ಇರುವ ಒಂದು ಸಣ್ಣ ಹೀಟರ್ ಮಾತ್ರ. ತೊಟ್ಟಿಗೆ ಮುಚ್ಚಳವೂ ಇರಬೇಕು. ಮೇಲೆ ಬಂದು ಗುಟುಕರಿಸುವ ಗಾಳಿ ತಣ್ಣಗಿದ್ದರೆ ಲ್ಯಾಬಿರಿಂತಿಗೆ ಒಳ್ಳೆಯದಲ್ಲ; ಮುಚ್ಚಳದ ಕೆಳಗೆ ಬೆಚ್ಚನೆಯ ತೇವ ನಿಲ್ಲುತ್ತದೆ.

ಕಾಯಿಲೆ ಮೀನನ್ನು ಇಡುವ ಆಸ್ಪತ್ರೆ ತೊಟ್ಟಿಯೆಂದರೆ ಭಾರಿ ಸಲಕರಣೆಯೇನಲ್ಲ. ಸೋಪು ಕಾಣದ, ಹತ್ತು ಲೀಟರಿನ ಒಂದು ಪಾರದರ್ಶಕ ಡಬ್ಬ, ಹೀಟರ್, ಥರ್ಮಾಮೀಟರ್, ಅಡಗಿಕೊಳ್ಳಲು ಒಂದು ಗಿಡ. ತಳದಲ್ಲಿ ಕಲ್ಲುಮಣ್ಣು ಬೇಡ, ಹಿಕ್ಕೆ ಕಾಣುವಂತಿರಬೇಕು: ಅದು ಬಿದ್ದಿದೆಯೇ, ಬಿಳಿ ದಾರದಂತಿದೆಯೇ ಎಂಬುದೂ ರೋಗಪತ್ತೆಯ ಭಾಗ. ಫಿಲ್ಟರ್ ಪಕ್ವವಾಗಿಲ್ಲದಿದ್ದರೆ ದಿನಕ್ಕೊಮ್ಮೆ ಅರ್ಧ ನೀರು ಬದಲಿಸಬೇಕು, ಅಮೋನಿಯಾ ಕಿಟ್ಟಿನಲ್ಲಿ ನೋಡಬೇಕು. ಸೊನ್ನೆಗಿಂತ ಮೇಲಿದ್ದರೆ ಬೇರೆ ಯೋಚನೆಯೆಲ್ಲ ಆಮೇಲೆ. ಇದರ ಜೊತೆಗೆ ಉಪ್ಪು. ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಸುತ್ತಲ ನೀರಿಗಿಂತ ಹೆಚ್ಚು ಉಪ್ಪು. ಹಾಗಾಗಿ ನೀರು ಸದಾ ಒಳನುಗ್ಗುತ್ತಿರುತ್ತದೆ, ಮೂತ್ರಪಿಂಡ ಅದನ್ನು ಎಡೆಬಿಡದೆ ಹೊರಹಾಕುತ್ತಿರುತ್ತದೆ. ಹತ್ತು ಲೀಟರಿಗೆ ಎರಡು ಚಹಾ ಚಮಚ ಕಲ್ಲುಪ್ಪು ಕರಗಿಸಿ ಹಾಕಿದರೆ ಆ ದುಡಿಮೆ ಹಗುರಾಗುತ್ತದೆ, ನೈಟ್ರೈಟ್ ರಕ್ತ ಸೇರುವುದನ್ನೂ ಉಪ್ಪಿನ ಕ್ಲೋರೈಡ್ ತಡೆಯುತ್ತದೆ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತೆಗೆದ ನೀರಿನ ಲೆಕ್ಕಕ್ಕಷ್ಟೇ ಮತ್ತೆ ಹಾಕಬೇಕು. ವಾರ, ಹತ್ತು ದಿನಕ್ಕೆ ನಿಲ್ಲಿಸಬೇಕು. ನಮ್ಮ ರಸ್ತೆಬದಿಯ, ಪಾರ್ಕುಗಳ ಕಾಡುಬಾದಾಮಿ ಮರದ ಒಣಗಿ ಬಿದ್ದ ಎಲೆಯನ್ನು ತೊಳೆದು ಹಾಕುವ ರೂಢಿಯೂ ಫೈಟರ್ ಸಾಕುವವರಲ್ಲಿ ಗಟ್ಟಿಯಾಗಿದೆ. ಅದರ ಟ್ಯಾನಿನ್ ನೀರನ್ನು ಚಹಾ ಬಣ್ಣಕ್ಕೆ ತಂದು ಪಿಎಚ್ ಅನ್ನು ತುಸು ಇಳಿಸುತ್ತದೆ, ಸೂಕ್ಷ್ಮಜೀವಿಗಳನ್ನು ಸ್ವಲ್ಪಮಟ್ಟಿಗೆ ಹತ್ತಿಕ್ಕುತ್ತದೆ. ಬಹಳ ಗಡಸಾದ ಬೋರ್‌ವೆಲ್ ನೀರಿನಲ್ಲಿ ಪಿಎಚ್ ಇಳಿಸುವ ಶಕ್ತಿ ಅದಕ್ಕೆ ಸಾಲದು. ಒಳ್ಳೆಯ ನೆರವು, ಅಷ್ಟೇ.

ಈಜುರೆಕ್ಕೆ ಕೊಳೆಯುವುದರ ಆರಂಭದ ಹಂತ ಇಷ್ಟರಿಂದಲೇ ಎಷ್ಟೋ ಸಲ ನಿಲ್ಲುತ್ತದೆ. ಅಂಚಿನಲ್ಲಿ ಪಾರದರ್ಶಕ ಹೊಸ ಪೊರೆ ಬೆಳೆಯುವುದು ಕಾಣುತ್ತದೆ. ಹೊಟ್ಟೆಯುಬ್ಬಿ ಓರೆಯಾಗಿ ತೇಲುವ ಮೀನಿಗೂ ಬಹುಪಾಲು ಬೇಕಿರುವುದು ಎರಡು ದಿನದ ಉಪವಾಸ. ಬೇಯಿಸಿದ ಬಟಾಣಿ ತಿನ್ನಿಸುವ ಸಲಹೆ ಚಿನ್ನದ ಮೀನಿಗೆ ಸರಿಯಿರಬಹುದು, ಹುಳುಹುಪ್ಪಟೆ ತಿಂದು ಬದುಕುವ ಫೈಟರಿಗೆ ಡ್ಯಾಫ್ನಿಯಾ ಎಂಬ ಪುಟ್ಟ ಜಲಜೀವಿಯನ್ನು ಕೊಡುವುದು ಮೇಲು.

ಎಲ್ಲವೂ ನೀರಿನ ದೋಷವೇ ಎಂದರೆ ಮಾತ್ರ ವಾದ ಅತಿಯಾಗುತ್ತದೆ. ಶುದ್ಧ ನೀರಿನಲ್ಲಿರುವ ಮೀನಿಗೂ ಹೊಸ ಮೀನಿನ, ಹೊಸ ಗಿಡದ ಜೊತೆ ಪರಾವಲಂಬಿಗಳು ಬರುತ್ತವೆ. ಮೈಮೇಲೆ ರವೆಯ ಕಾಳು ಉದುರಿಸಿದಂತೆ ಕಾಣುವ ಬಿಳಿ ಚುಕ್ಕೆ ರೋಗಕ್ಕೂ, ಟಾರ್ಚ್ ಬೆಳಕಿನಲ್ಲಿ ಹೊಂಬಣ್ಣದ ಧೂಳಿನಂತೆ ಹೊಳೆಯುವ ವೆಲ್ವೆಟ್ ರೋಗಕ್ಕೂ ಮದ್ದು ಬೇಕು. ಆದರೆ ಅಲ್ಲಿಯೂ ಮದ್ದು ಕೆಲಸ ಮಾಡುವುದು ಮೀನಿನ ಮೈಮೇಲಲ್ಲ. ಬಿಳಿ ಚುಕ್ಕೆಯ ಜೀವಿ ಚರ್ಮದೊಳಗೆ ಹುದುಗಿದ್ದಾಗ ಔಷಧ ತಾಗುವುದಿಲ್ಲ. ಅದು ಬಲಿತು ಉದುರಿ, ತಳದಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಒಡೆದು, ಹೊಸ ಮೀನನ್ನು ಹುಡುಕುತ್ತ ಈಜುವ ಅಲ್ಪಕಾಲದಲ್ಲಿ ಮಾತ್ರ ಸಾಯುತ್ತದೆ. 25 ಡಿಗ್ರಿಯಲ್ಲಿ ಈ ಸುತ್ತು ಸುಮಾರು ಒಂದು ವಾರದೊಳಗೆ ಮುಗಿಯುತ್ತದೆ, ಚಳಿಯಲ್ಲಿ ಬಹಳ ಹಿಗ್ಗುತ್ತದೆ. ಮೂರನೆಯ ದಿನ ಚುಕ್ಕೆ ಮಾಯವಾಯಿತೆಂದು ಮದ್ದು ನಿಲ್ಲಿಸಿದವರ ತೊಟ್ಟಿಯಲ್ಲಿ ಮುಂದಿನ ವಾರ ಇಮ್ಮಡಿ ಚುಕ್ಕೆ ಬರುವುದು ಇದಕ್ಕೇ. ನೀರನ್ನು 28–29 ಡಿಗ್ರಿಗೆ ಏರಿಸಿ ಸುತ್ತನ್ನು ಬೇಗ ಓಡಿಸಿ, ಕೊನೆಯ ಚುಕ್ಕೆ ಹೋದ ಮೇಲೂ ಕೆಲವು ದಿನ ಮದ್ದು ಮುಂದುವರಿಸಬೇಕು. ಬಾಯಿಯ ಸುತ್ತ ಹತ್ತಿಯಂತೆ ಬೆಳೆಯುವ ಕಾಲಂನಾರಿಸ್ ರೋಗ ತಗುಲಿದ ಮೀನಿಗಾದರೆ ಇದೇ ಬಿಸಿ ಮಾರಕ. ನೋಡಲು ಬೂಷ್ಟಿನಂತಿದ್ದರೂ ಅದು ಬ್ಯಾಕ್ಟೀರಿಯಾ, ಬೆಚ್ಚಗಾದಷ್ಟೂ ಹುಲುಸಾಗುತ್ತದೆ. ರೋಗ ಗುರುತಿಸದೆ ಉಪಚಾರಕ್ಕೆ ಕೈಹಾಕಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಪಕ್ಕದ ಮನೆಯವರ ಮೀನು ಅದೇ ಮದ್ದಿಗೆ ಬದುಕಿತಲ್ಲ’ ಎಂಬ ಮಾತಿಗೆ ತೂಕವಿದೆ. ಆದರೆ ಸೀಸೆಯ ಮೇಲಿನ ಸೂಚನೆಯಂತೆ ಮದ್ದು ಹಾಕುವವರು ಸಾಮಾನ್ಯವಾಗಿ ಜೊತೆಗೆ ನೀರನ್ನೂ ಬದಲಿಸಿರುತ್ತಾರೆ, ಆಹಾರವನ್ನೂ ಕಡಿಮೆ ಮಾಡಿರುತ್ತಾರೆ. ಮೂರರಲ್ಲಿ ಯಾವುದು ಗೆದ್ದಿತೆಂದು ಹೇಳುವುದು ಕಷ್ಟ. ಮದ್ದಿನ ಹಾನಿಯಾದರೋ ಖಚಿತ: ನೀರನ್ನು ನೀಲಿಯಾಗಿಸುವ ಮೆಥಿಲೀನ್ ಬ್ಲೂ ಫಿಲ್ಟರಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಮತ್ತೆ ಅಮೋನಿಯಾ ಏರುತ್ತದೆ. ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಬಿಚ್ಚಿ ಅಂದಾಜಿಗೆ ಸುರಿಯುವುದಂತೂ ಸಲ್ಲದು. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧ ಅದು. ಅರೆಬರೆ ಪ್ರಮಾಣ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ, ಆ ನೀರು ಕೊನೆಗೆ ಹೋಗುವುದು ನಮ್ಮದೇ ಚರಂಡಿಗೆ.

ಚಿಲ್ಲರೆ ಬೆಲೆಯ ಮೀನಿಗೆ ಇಷ್ಟು ಖರ್ಚೇ ಎಂದು ಕೇಳುವವರಿದ್ದಾರೆ. ಹೀಟರ್, ಕಿಟ್ ಎರಡೂ ಸೇರಿದರೆ ಮೀನಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುವುದು ನಿಜ. ಆದರೆ ಬೆಲೆ ಅಂಗಡಿಯ ಲೆಕ್ಕ, ಆ ಜೀವಕ್ಕೆ ಆಗುವ ನೋವಿನ ಅಳತೆಯಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಮನುಷ್ಯನ ಹೊರತು ಯಾವುದೇ ಜೀವಿಯೂ ಪ್ರಾಣಿಯೇ. ಮೀನು ಅದರಿಂದ ಹೊರಗಿಲ್ಲ. ಅದರ ಆಹಾರ, ಉಷ್ಣತೆ, ಗಾಳಿ ಎಲ್ಲವೂ ಅದನ್ನು ಮನೆಗೆ ತಂದವರ ಕೈಯಲ್ಲಿರುವಾಗ ಹೊಣೆಯೂ ಅವರದೇ.

ಹುರುಪೆಗಳೆಲ್ಲ ಎದ್ದುನಿಂತು ಹೊಟ್ಟೆ ಊದಿಕೊಳ್ಳುವ ಡ್ರಾಪ್ಸಿಯಲ್ಲಿ ಈ ಆರೈಕೆಯ ಮಿತಿ ಕಾಣುತ್ತದೆ. ಅದು ರೋಗಕ್ಕಿಂತ ಹೆಚ್ಚಾಗಿ ಮೂತ್ರಪಿಂಡ ಸೋತುದರ ಲಕ್ಷಣ. ಬದುಕುವುದು ವಿರಳ. ನರಳುವ ಮೀನನ್ನು ಲವಂಗದ ಎಣ್ಣೆಯ ಅರಿವಳಿಕೆಯಲ್ಲಿ ಮಲಗಿಸಿ ಮತ್ತೆ ಏಳದಂತೆ ಕೊನೆಗಾಣಿಸುವ ಪದ್ಧತಿ ಇದೆ, ಆದರೆ ಅದು ಪಶುವೈದ್ಯರ ಸಲಹೆಯ ಮೇರೆಗೆ ಆಗಬೇಕಾದದ್ದು. ಕರುಣೆಯೆಂದು ತಿಳಿದು ಕಾಯಿಲೆ ಮೀನನ್ನು ಮಲ್ಲತ್ತಹಳ್ಳಿ ಕೆರೆಗೋ ಸ್ಯಾಂಕಿ ಕೆರೆಗೋ ಬಿಡುವುದು ಆ ಮೀನಿಗೂ ಕೆರೆಗೂ ಅನ್ಯಾಯ. ಹೀಗೆ ಬಿಟ್ಟ ಸಕರ್ ಮೀನುಗಳು ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ಬೇರೂರಿವೆ. ಇನ್ನು ವೈದ್ಯರ ವಿಷಯ. ಬಡಾವಣೆಗಳ ಕ್ಲಿನಿಕ್ಕುಗಳು ನಾಯಿ, ಬೆಕ್ಕುಗಳಿಗಾಗಿಯೇ ಇರುವುದರಿಂದ ಮೀನು ನೋಡುವವರು ಅಪರೂಪ, ಮೊದಲೇ ಫೋನಿನಲ್ಲಿ ಕೇಳಿಕೊಂಡು ಹೋಗುವುದು ಒಳ್ಳೆಯದು. ಹೋಗುವಾಗ ಮೀನಿನ ವಿಡಿಯೊ, ಹಾಕಿದ ಮದ್ದಿನ ಹೆಸರು ಮತ್ತು ಪ್ರಮಾಣ, ಕಳೆದ ವಾರದ ಉಷ್ಣತೆಯ ಟಿಪ್ಪಣಿ ಜೊತೆಗಿರಲಿ. ಎರಡು ಶುದ್ಧ ಬಾಟಲಿಗಳನ್ನೂ ಒಯ್ಯಬೇಕು, ಒಂದರಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ತೊಟ್ಟಿಗೆ ತುಂಬುವ ಮನೆಯ ನೀರು.