ಮನೆ ನಾಯಿಗೆ ರೊಟ್ಟಿ-ಹಾಲು ಸಾಕೇ?

ವಿಜಯಪುರದ ಸೊಲ್ಲಾಪುರ ರಸ್ತೆಯ ಬಡಾವಣೆಗಳಿರಲಿ, ತಿಕೋಟಾ, ಬಬಲೇಶ್ವರದ ತೋಟದ ಮನೆಗಳಿರಲಿ, ನಾಯಿ ಸಾಕಿದವರ ಮನೆಯಲ್ಲಿ ಅದರ ಊಟ ಹೆಚ್ಚುಕಡಿಮೆ ಒಂದೇ ಬಗೆಯದು. ಬೆಳಿಗ್ಗೆ ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ, ರಾತ್ರಿ ಉಳಿದ ಅನ್ನ-ಸಾರು. ಭಾನುವಾರ ಕೋಳಿ ಮಾಡಿದ್ದರೆ ಅದರ ಎಲುಬು. 'ಅಜ್ಜನ ಕಾಲದಿಂದಲೂ ಹೀಗೆಯೇ ಹಾಕುತ್ತ ಬಂದಿದ್ದೇವೆ, ಏನೂ ಆಗಿಲ್ಲ' ಎನ್ನುವವರೂ ಇದ್ದಾರೆ. ಆದರೆ ಅಜ್ಜನ ಕಾಲದ ನಾಯಿ ಹೊಲದಲ್ಲಿ ಅಲೆದು ಇಲಿ, ಹೆಗ್ಗಣ ಹಿಡಿದು ತಿಂದು ತನ್ನ ಕೊರತೆಯನ್ನು ತಕ್ಕಮಟ್ಟಿಗೆ ತಾನೇ ತುಂಬಿಕೊಳ್ಳುತ್ತಿತ್ತು. ಗೇಟಿನೊಳಗೆ ಬೆಳೆಯುವ ಇಂದಿನ ನಾಯಿಗೆ ಆ ಅವಕಾಶವಿಲ್ಲ. ನೀವು ತಟ್ಟೆಗೆ ಹಾಕಿದ್ದಷ್ಟೇ ಅದರ ಆಹಾರ. ಆದ್ದರಿಂದ ಆ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳಿತು.

ರೊಟ್ಟಿ ತಪ್ಪಲ್ಲ, ರೊಟ್ಟಿ ಮಾತ್ರ ತಪ್ಪು

ನಾಯಿ ತೋಳದ ವಂಶದ ಪ್ರಾಣಿ, ಅದಕ್ಕೆ ಧಾನ್ಯ ಜೀರ್ಣವಾಗುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ನಾಯಿಗೆ ಪಿಷ್ಟವನ್ನು ಅರಗಿಸುವ ಶಕ್ತಿ ತೋಳಕ್ಕಿಂತ ಹೆಚ್ಚು ಎಂಬುದನ್ನು ವಿಜ್ಞಾನಿಗಳು 2013ರಲ್ಲಿ ವಂಶವಾಹಿಗಳ ಅಧ್ಯಯನದಿಂದ ತೋರಿಸಿದ್ದಾರೆ. ಚೆನ್ನಾಗಿ ಬೆಂದ ಜೋಳ, ಅಕ್ಕಿ, ಗೋಧಿ ನಾಯಿಗೆ ಆಗುತ್ತದೆ. ಬೆಕ್ಕಿನ ಮಾತು ಬೇರೆ. ಅದು ಮಾಂಸವನ್ನೇ ನಂಬಿದ ಪ್ರಾಣಿ. ಆದ್ದರಿಂದ ಇಲ್ಲಿ ಹೇಳುವ ಊಟವನ್ನು ಬೆಕ್ಕಿಗೆ ಹಾಕಬಾರದು.

ಈಗ ಲೆಕ್ಕಕ್ಕೆ ಬನ್ನಿ. 20 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕು. 230 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಮತ್ತು 300 ಮಿಲಿಲೀಟರ್ ಹಸುವಿನ ಹಾಲು ಕೊಟ್ಟರೆ ಆ ಕ್ಯಾಲೊರಿ ಸಿಗುತ್ತದೆ. ಹೊಟ್ಟೆಯೂ ತುಂಬುತ್ತದೆ. ಆದರೆ ಅದರಲ್ಲಿ ಸಿಗುವ ಪ್ರೋಟೀನ್ ಸುಮಾರು 34 ಗ್ರಾಂ. ಬೇಕಾದದ್ದು ಕನಿಷ್ಠ 45 ಗ್ರಾಂ. ಸಿಗುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸುಮಾರು 420 ಮಿಲಿಗ್ರಾಂ. ಬೇಕಾದದ್ದು 1000 ಮಿಲಿಗ್ರಾಂಗೆ ಕಡಿಮೆಯಿಲ್ಲ. ಬೆಳೆಯುವ ಮರಿಗಂತೂ ಪ್ರತಿ 1000 ಕ್ಯಾಲೊರಿಗೆ 56 ಗ್ರಾಂ ಪ್ರೋಟೀನ್, 3000 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕು ಎನ್ನುತ್ತಾರೆ ಆಹಾರ ತಜ್ಞರು. ಹೊಟ್ಟೆ ತುಂಬಿದ ಮರಿಯೂ ಒಳಗೆ ಹಸಿದೇ ಇರುತ್ತದೆ ಎಂದಾಯಿತು.

ಎಲುಬಿನಿಂದ ಪಡೆವ ಸಾಲ

ಕ್ಯಾಲ್ಸಿಯಂ ಎಷ್ಟಿದೆ ಎಂಬುದರಷ್ಟೇ ಮುಖ್ಯ, ರಂಜಕದ ಜೊತೆ ಅದರ ಪ್ರಮಾಣ. ನಾಯಿಯ ಊಟದಲ್ಲಿ ಒಂದು ಭಾಗ ರಂಜಕಕ್ಕೆ ಒಂದರಿಂದ ಎರಡು ಭಾಗ ಕ್ಯಾಲ್ಸಿಯಂ ಇರಬೇಕು. ಜೋಳದಲ್ಲಿ ಇದು ತಲೆಕೆಳಗು: 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 25 ಮಿಲಿಗ್ರಾಂ, ರಂಜಕ 222 ಮಿಲಿಗ್ರಾಂ. ಎಲುಬಿಲ್ಲದ ಮಾಂಸವೂ ಹೀಗೆಯೇ. ಆದ್ದರಿಂದ 'ನಾವು ದಿನವೂ ಕೋಳಿಮಾಂಸವನ್ನೇ ಹಾಕುತ್ತೇವೆ' ಎಂದು ಹೆಮ್ಮೆಪಡುವವರ ನಾಯಿಯೂ ಈ ಕೊರತೆಯಿಂದ ಪಾರಾಗಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ನೋಡಿಕೊಳ್ಳುವ ಗ್ರಂಥಿಗಳು ಕುತ್ತಿಗೆಯಲ್ಲಿವೆ. ಊಟದಲ್ಲಿ ಅದು ಸಿಗದಿದ್ದರೆ ಅವು ಎಲುಬಿನಿಂದ ತೆಗೆದು ರಕ್ತಕ್ಕೆ ಕೊಡುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಎಲುಬು ಟೊಳ್ಳಾಗುತ್ತದೆ. ಮರಿಯ ಕಾಲು ಸೊಟ್ಟಗಾಗುತ್ತದೆ, ಅದು ಕುಂಟುತ್ತದೆ. ಕಟ್ಟೆಯಿಂದ ಜಿಗಿದಷ್ಟಕ್ಕೇ ಕಾಲು ಮುರಿಯುವುದುಂಟು. ವಿಜಯಪುರದ ಬಿಸಿಲಿಗೆ ಬಿಟ್ಟರೆ ಡಿ ಜೀವಸತ್ವ ತಾನೇ ಸಿಗುತ್ತದೆ ಎಂದು ನಂಬಬೇಡಿ. ನಮ್ಮ ಚರ್ಮದಂತೆ ನಾಯಿಯ ಚರ್ಮ ಬಿಸಿಲಿನಿಂದ ಡಿ ಜೀವಸತ್ವವನ್ನು ಸಾಕಷ್ಟು ತಯಾರಿಸಲಾರದು. ಅದು ಊಟದಿಂದಲೇ ಬರಬೇಕು.

ಹಾಗೆಂದು ಮರಿಗೆ ಕ್ಯಾಲ್ಸಿಯಂ ಔಷಧವನ್ನು ಮನಬಂದಂತೆ ಕುಡಿಸುವುದೂ ಅಪಾಯ. ದೊಡ್ಡ ತಳಿಯ ಮರಿಗಳಿಗೆ ಅತಿಯಾದ ಕ್ಯಾಲ್ಸಿಯಂನಿಂದಲೂ ಎಲುಬಿನ ಬೆಳವಣಿಗೆ ಕೆಡುತ್ತದೆ. ಮರಿಯ ಊಟವನ್ನು ಪಶುವೈದ್ಯರ ಬಳಿ ಕೇಳಿಯೇ ನಿರ್ಧರಿಸಬೇಕು.

ಒಂದು ದಿನದ ಊಟ

20 ಕಿಲೋ ತೂಕದ, ಆರೋಗ್ಯವಾಗಿರುವ ಬೆಳೆದ ನಾಯಿಗೆ ನಮ್ಮ ಅಡುಗೆಮನೆಯ ಪದಾರ್ಥಗಳಿಂದಲೇ ಊಟ ಸಿದ್ಧಪಡಿಸಬಹುದು. ಎಲ್ಲ ತೂಕವೂ ಬೇಯಿಸುವ ಮೊದಲಿನದು.

ಜೋಳದ ಹಿಟ್ಟು 120 ಗ್ರಾಂ (ಸುಮಾರು ಎರಡು ರೊಟ್ಟಿ).
ಚರ್ಮ, ಎಲುಬು ತೆಗೆದ ಕೋಳಿಮಾಂಸ 150 ಗ್ರಾಂ.
ಬೇಯಿಸಿದ ಮೊಟ್ಟೆ ಒಂದು.
ತೊಗರಿ ಬೇಳೆ ಅಥವಾ ಹೆಸರು ಬೇಳೆ 30 ಗ್ರಾಂ.
ಗಜ್ಜರಿ, ಕುಂಬಳ ಅಥವಾ ಬೀನ್ಸ್ 75 ಗ್ರಾಂ.
ಮೊಸರು 100 ಗ್ರಾಂ.
ಅಡುಗೆ ಎಣ್ಣೆ ಎರಡು ಚಹಾ ಚಮಚ.
ಮೊಟ್ಟೆಯ ಸಿಪ್ಪೆಯ ಪುಡಿ 3 ಗ್ರಾಂ (ಅರ್ಧ ಚಹಾ ಚಮಚಕ್ಕೆ ತುಸು ಹೆಚ್ಚು).

ಮಾಂಸ, ಬೇಳೆ, ತರಕಾರಿಯನ್ನು ಖಾರ, ಮಸಾಲೆ, ಒಗ್ಗರಣೆ ಏನೂ ಇಲ್ಲದೆ ಮೆತ್ತಗೆ ಬೇಯಿಸಿ, ರೊಟ್ಟಿಯನ್ನು ಅದರಲ್ಲೇ ನೆನೆಸಿ ಕಲಸಿ. ಆರಿದ ಮೇಲೆ ಮೊಟ್ಟೆ, ಮೊಸರು, ಎಣ್ಣೆ, ಸಿಪ್ಪೆಯ ಪುಡಿ ಸೇರಿಸಿ ಎರಡು ಹೊತ್ತಿಗೆ ಹಂಚಿ ಕೊಡಿ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಅರಗದೆ ಭೇದಿಯಾಗುವುದರಿಂದ ಇಲ್ಲಿ ಮೊಸರನ್ನು ಹೇಳಿದೆ. ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸರಿನಲ್ಲಿ ಹಿಟ್ಟಿನಂತೆ ನುಣ್ಣಗೆ ಪುಡಿ ಮಾಡಬೇಕು. ಅದರ ಒಂದು ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ಒಂದು ಚಿಟಿಕೆ ಪುಡಿ ಇಲ್ಲದಿದ್ದರೆ ಮೇಲಿನ ಊಟದಲ್ಲಿ ಕ್ಯಾಲ್ಸಿಯಂ ಇರುವುದು 260 ಮಿಲಿಗ್ರಾಂ ಮಾತ್ರ. ಸೇರಿಸಿದರೆ ಅದು 1400 ಮಿಲಿಗ್ರಾಂ ಮುಟ್ಟುತ್ತದೆ. ಪ್ರೋಟೀನ್ 65 ಗ್ರಾಂ ಮೀರುತ್ತದೆ.

ಇಷ್ಟಾದರೂ ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳು ಕಡಿಮೆ ಬೀಳುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಪುಸ್ತಕ ಮುಂತಾದ ಕಡೆ ಪ್ರಕಟವಾಗಿದ್ದ ನಾಯಿ ಊಟದ 200 ಅಡುಗೆ ವಿಧಾನಗಳನ್ನು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಆದ್ದರಿಂದ ನಾಯಿಗೆಂದೇ ತಯಾರಾದ ಜೀವಸತ್ವ-ಖನಿಜ ಮಿಶ್ರಣವನ್ನು ಪಶುವೈದ್ಯರಿಂದ ಬರೆಸಿಕೊಂಡು, ಅವರು ಹೇಳಿದ ಅಳತೆಯಲ್ಲಿ ಸೇರಿಸಿ. ಆ ಮಿಶ್ರಣದಲ್ಲಿ ಕ್ಯಾಲ್ಸಿಯಂ ಇದ್ದರೆ ಸಿಪ್ಪೆಯ ಪುಡಿಯನ್ನು ಅಷ್ಟು ಕಡಿಮೆ ಮಾಡಬೇಕಾಗುತ್ತದೆ. ಹೊಸ ಊಟಕ್ಕೆ ಒಮ್ಮೆಲೇ ಬದಲಾಯಿಸದೆ, ಹಳೆಯದರ ಜೊತೆ ಬೆರೆಸುತ್ತ ಒಂದು ವಾರದಲ್ಲಿ ಬದಲಾಯಿಸಿ.

ಮನೆಯಲ್ಲಿ ಮಾಂಸ ಬೇಯಿಸದವರು ಅದರ ಬದಲು 60 ಗ್ರಾಂ ಒಣ ಸೋಯಾ ಚೂರುಗಳನ್ನು ನೆನೆಸಿ ಬೇಯಿಸಿ ಹಾಕಬಹುದು. ಸೋಯಾದಲ್ಲಿ ಕ್ಯಾಲೊರಿ ತುಸು ಹೆಚ್ಚು. ಮೊಟ್ಟೆಯೂ ಬೇಡವೆಂದರೆ ಪನೀರ್ ಇದೆ. ಆದರೆ ಮರಿಗಳನ್ನು, ಗರ್ಭಿಣಿ ಅಥವಾ ಹಾಲೂಡಿಸುವ ನಾಯಿಯನ್ನು ಪೂರ್ತಿ ಸಸ್ಯಾಹಾರದಲ್ಲಿ ಇಡುವುದು ಕಷ್ಟ. ವೈದ್ಯರ ಸಲಹೆಯಿಲ್ಲದೆ ಅದಕ್ಕೆ ಕೈಹಾಕಬೇಡಿ.

ದ್ರಾಕ್ಷಿ ಸೀಮೆಯವರಿಗೆ ಎಚ್ಚರಿಕೆ

ತಿಕೋಟಾ, ಬಬಲೇಶ್ವರ ಭಾಗ ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದದ್ದು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣಗಿಸುವ ಶೆಡ್ಡುಗಳಲ್ಲಿ ನೆಟ್ಟಿನ ಮೇಲೂ ನೆಲದ ಮೇಲೂ ಹಣ್ಣೇ ಹಣ್ಣು. ಕಾವಲಿನ ನಾಯಿ ಅಲ್ಲೇ ಅಡ್ಡಾಡುತ್ತಿರುತ್ತದೆ. ಪೇಟೆಯ ಮನೆಗಳಲ್ಲೂ ಒಣದ್ರಾಕ್ಷಿಯ ಡಬ್ಬಿ ಇದ್ದೇ ಇರುತ್ತದೆ. ಮಕ್ಕಳು ಪ್ರೀತಿಯಿಂದ ನಾಯಿಗೂ ನಾಲ್ಕು ಕೊಡುತ್ತಾರೆ. ಇದನ್ನು ಇಂದೇ ನಿಲ್ಲಿಸಿ. ದ್ರಾಕ್ಷಿ ಮನುಷ್ಯರಿಗೆ ಒಳ್ಳೆಯದಾದರೂ ನಾಯಿಯ ಮೂತ್ರಪಿಂಡಕ್ಕೆ ವಿಷ.

ದೇಹತೂಕದ ಪ್ರತಿ ಕಿಲೋಗೆ ಸುಮಾರು 3 ಗ್ರಾಂ ಒಣದ್ರಾಕ್ಷಿ ತಿಂದ ನಾಯಿಗಳಲ್ಲೂ ಮೂತ್ರಪಿಂಡ ಕೆಟ್ಟದ್ದು ದಾಖಲಾಗಿದೆ. ಅಂದರೆ 20 ಕಿಲೋ ನಾಯಿಗೆ 60 ಗ್ರಾಂ, ಒಂದು ದೊಡ್ಡ ಹಿಡಿ. ಹಸಿ ದ್ರಾಕ್ಷಿಯೂ ಸುರಕ್ಷಿತವಲ್ಲ. ಒಣಗಿದಾಗ ಸುಮಾರು ನಾಲ್ಕು ಕಿಲೋ ಹಣ್ಣಿನ ಸತ್ವ ಒಂದು ಕಿಲೋದಲ್ಲಿ ಸೇರುವುದರಿಂದ ಒಣದ್ರಾಕ್ಷಿಯ ಅಪಾಯ ಹೆಚ್ಚು. ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶು ವಿಷ ತಜ್ಞರು ಸೂಚಿಸಿದರು. ತಳಿ ಮತ್ತು ಪಕ್ವತೆಗೆ ತಕ್ಕಂತೆ ಈ ಆಮ್ಲ ಏರುಪೇರಾಗುತ್ತದೆ. ಆದ್ದರಿಂದ 'ಹೋದ ವರ್ಷ ತಿಂದಿತ್ತು, ಏನೂ ಆಗಲಿಲ್ಲ' ಎಂಬ ಧೈರ್ಯ ಸಲ್ಲದು. ಇದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳಿಗೂ ಮೂತ್ರಪಿಂಡದ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ.

ತಿಂದ ಕೆಲವೇ ಗಂಟೆಗಳಲ್ಲಿ, ಸಾಮಾನ್ಯವಾಗಿ 24 ಗಂಟೆಯೊಳಗೆ, ವಾಂತಿ ಶುರುವಾಗುತ್ತದೆ. ನಾಯಿ ಮಂಕಾಗಿ ಊಟ ಬಿಡುತ್ತದೆ. ಎರಡು ಮೂರು ದಿನಗಳಲ್ಲಿ ಮೂತ್ರ ಕಡಿಮೆಯಾಗಿ ನಿಂತುಹೋಗಬಹುದು. ಮೂತ್ರ ನಿಂತ ಮೇಲೆ ಉಳಿಸುವುದು ಬಲು ಕಷ್ಟ. ಆದ್ದರಿಂದ ವಾಂತಿಗೆ ಕಾಯದೆ, ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು ಎಂಬುದನ್ನು ಹೇಳಿ. ಬೇಗ ಬಂದರೆ ವೈದ್ಯರು ವಾಂತಿ ಮಾಡಿಸಿ, ಸಲೈನ್ ಹಚ್ಚಿ ಮೂತ್ರಪಿಂಡವನ್ನು ಕಾಪಾಡಬಲ್ಲರು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅದರಿಂದಲೇ ಪ್ರಾಣಾಪಾಯವಾಗಬಹುದು.

ಸಾರು, ಎಲುಬು, ಸಿಹಿ

ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ರಕ್ತಹೀನತೆ ಬರಬಹುದು. ನಮ್ಮ ಸಾರಿನಲ್ಲಿ ಇವೂ ಇವೆ, ಹುಣಸೆಯೂ ಇದೆ, ಖಾರ-ಉಪ್ಪೂ ಇದೆ. ಹಾಗಾಗಿ ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡುವುದು ಸುಲಭದ ದಾರಿ. ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಭಾನುವಾರದ ಎಲುಬು ಕಸದ ಬುಟ್ಟಿಗೇ ಹೋಗಲಿ. ಚಾಕಲೇಟ್ ಮತ್ತು ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಕೂಡ ವಿಷವೇ.

ತೂಕದ ಮೇಲೆ ಕಣ್ಣಿಡಿ

ಊಟದ ಅಳತೆ ಎಲ್ಲ ನಾಯಿಗೂ ಒಂದೇ ಅಲ್ಲ. 20ರಿಂದ 28 ಕಿಲೋ ತೂಗುವ ಮುಧೋಳ ನಾಯಿ ಹುಟ್ಟಿನಿಂದಲೇ ತೆಳ್ಳಗಿನ ಓಟಗಾರ. ಕೊನೆಯ ಒಂದೆರಡು ಪಕ್ಕೆಲುಬು ಕಂಡರೆ ಅದು ಸೊರಗಿದೆ ಎಂದು ತಿಳಿದು ತಿನ್ನಿಸಬೇಡಿ. ಅದೇ ಮನೆಯೊಳಗೇ ಮಲಗಿರುವ ಲ್ಯಾಬ್ರಡಾರ್ ಕೇಳಿದಾಗಲೆಲ್ಲ ಬಿಸ್ಕಿಟ್ ಹಾಕಿದರೆ ಬೇಗ ಬೊಜ್ಜು ಬೆಳೆಸಿ ಕೀಲುನೋವಿಗೆ ತುತ್ತಾಗುತ್ತದೆ. ಬೆರಳು ಮೆಲ್ಲಗೆ ಒತ್ತಿದರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು. ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಹೆಚ್ಚಿದ್ದರೆ ಊಟದಲ್ಲಿ ಹತ್ತನೇ ಒಂದು ಪಾಲು ಇಳಿಸಿ, ಕಡಿಮೆಯಿದ್ದರೆ ಅಷ್ಟೇ ಏರಿಸಿ. ಶುದ್ಧ ನೀರು ಸದಾ ಮುಂದಿರಲಿ, ಬೇಸಿಗೆಯಲ್ಲಿ ಬುಟ್ಟಲನ್ನು ನೆರಳಿನಲ್ಲಿಡಿ.

ನಾಯಿ ತನಗೆ ಏನು ಕಡಿಮೆಯಾಗಿದೆ ಎಂದು ಬಾಯಿಬಿಟ್ಟು ಹೇಳಲಾರದು. ಹಾಕಿದ್ದನ್ನು ತಿಂದು ಬಾಲ ಅಲ್ಲಾಡಿಸುತ್ತದೆ. ಅದರ ಪಾಲಿನ ಲೆಕ್ಕವನ್ನು ನೀವೇ ಇಡಬೇಕು. ಕುಂಟು, ನಿಲ್ಲದ ವಾಂತಿ, ಊಟದ ಮೇಲೆ ಬೇಸರ, ತೂಕ ಇಳಿಕೆ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.