ಕಿರು ಕಂಪ್ಯೂಟರಿನಲ್ಲಿ ಪಹಣಿ, ಪೇಟೆ ಧಾರಣೆ: ಬ್ರೌಸರ್ ಹೊಂದಾಣಿಕೆಗೆ ಗಮನಿಸಬೇಕಾದ ಅಂಶಗಳು

ಅರಸೀಕೆರೆ ತಾಲ್ಲೂಕು ತೆಂಗು, ಕೊಬ್ಬರಿ ಹಾಗೂ ರಾಗಿಗೆ ಹೆಸರಾದುದು. ನೆರೆಯ ಬೇಲೂರು ತಾಲ್ಲೂಕಿನ ಮಲೆನಾಡು ಭಾಗದಲ್ಲಿ ಕಾಫಿ, ಮೆಣಸು, ಭತ್ತ ಇದ್ದರೆ, ಬಯಲಿನತ್ತ ಹಳೇಬೀಡು ಹೋಬಳಿಯಲ್ಲಿ ಮೆಕ್ಕೆಜೋಳ, ಆಲೂಗೆಡ್ಡೆ, ಶುಂಠಿ ಬೆಳೆಯುತ್ತಾರೆ. ಬೆಳೆ ಯಾವುದೇ ಇರಲಿ, ಪಹಣಿಗೆ ‘ಭೂಮಿ’, ರೈತರ ನೋಂದಣಿಗೆ ‘ಫ್ರೂಟ್ಸ್’, ದಿನದ ಧಾರಣೆಗೆ ‘ಕೃಷಿ ಮಾರಾಟ ವಾಹಿನಿ’ ಎಂಬ ಜಾಲತಾಣಗಳು ಈಗ ಎಲ್ಲ ರೈತರಿಗೂ ಅಗತ್ಯವಾಗಿವೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂ. ಬೆಂಬಲ ಬೆಲೆ ಘೋಷಿಸಿತ್ತು. ಇಂತಹ ಖರೀದಿಯ ನೋಂದಣಿಗೆ ಗಡುವು ಇರುತ್ತದೆ. ಗಡುವಿನೊಳಗೆ ದಾಖಲೆಯ ಪುಟ ತೆರೆಯದಿದ್ದರೆ ರೈತನ ಸರದಿಯೇ ತಪ್ಪಬಹುದು.

ಹಾಲು ಉತ್ಪಾದಕರ ಸಂಘ, ರೈತ ಉತ್ಪಾದಕರ ಕಂಪನಿ, ಊರಿನ ಗ್ರಂಥಾಲಯ ಮುಂತಾದ ಕಡೆ ಕಡಿಮೆ ಖರ್ಚಿನ ಕಿರು ಕಂಪ್ಯೂಟರನ್ನು ಈ ಕೆಲಸಕ್ಕೆ ಬಳಸಬಹುದು. ಆದರೆ ಕೊಳ್ಳುವ ಮೊದಲು ಕೆಲವು ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಕಿರು ಕಂಪ್ಯೂಟರ್ ಎಂದರೇನು?

ಸಂಸ್ಕಾರಕ, ಮೆಮೊರಿ, ಜೋಡಣೆಯ ಕಿಂಡಿಗಳು ಎಲ್ಲವೂ ಅಂಗೈಯಗಲದ ಒಂದೇ ಫಲಕದ ಮೇಲೆ ಇರುವ ಯಂತ್ರವಿದು. 2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಇವುಗಳಲ್ಲಿ ಹೆಸರಾದುದು. ಇದಕ್ಕೆ ಪರದೆ ಮತ್ತು ಕೀಲಿಮಣೆಯನ್ನು ಬೇರೆಯಾಗಿ ಜೋಡಿಸಬೇಕು. ಪರದೆಯನ್ನು ಬಿಟ್ಟರೆ ಪೈ 4 ಮಾದರಿಗೆ ಸಾಮಾನ್ಯ ಕೆಲಸದಲ್ಲಿ 10 ವ್ಯಾಟ್‌ಗಿಂತ ಕಡಿಮೆ ವಿದ್ಯುತ್ ಸಾಕು. ಇದು ಲಿನಕ್ಸ್ ಕಾರ್ಯವ್ಯವಸ್ಥೆಯಿಂದ ನಡೆಯುತ್ತದೆ.

ಜಾಲತಾಣದಿಂದ ಬಂದ ಮಾಹಿತಿಯನ್ನು ಓದಿ ಪರದೆಯ ಮೇಲೆ ಮೂಡಿಸುವ ತಂತ್ರಾಂಶವೇ ಬ್ರೌಸರ್. ಮೂರು ಫೇಸಿನ ಮೋಟಾರಿಗೆ ಒಂದು ಫೇಸಿನ ವಿದ್ಯುತ್ ಕೊಟ್ಟರೆ ಅದು ಓಡದು. ಅಲ್ಲಿ ಮೋಟಾರೂ ಕೆಟ್ಟಿರುವುದಿಲ್ಲ, ತಂತಿಯೂ ಕೆಟ್ಟಿರುವುದಿಲ್ಲ, ಹೊಂದಾಣಿಕೆ ಇರುವುದಿಲ್ಲ ಅಷ್ಟೆ. ಪುಟ ತೆರೆಯದಿದ್ದಾಗಲೂ ಅನೇಕ ವೇಳೆ ಹೀಗೆಯೇ ಆಗಿರುತ್ತದೆ.

ತೊಂದರೆಗೆ ಮುಖ್ಯ ಕಾರಣಗಳು

1. ಹಳೆಯ ಸಂಸ್ಕಾರಕ: ಮೊದಲ ಪೈ ಮತ್ತು ಪೈ ಝೀರೋಗಳಲ್ಲಿರುವುದು ಹಳೆಯ ತಲೆಮಾರಿನ ಸಂಸ್ಕಾರಕ. ಈಗಿನ ಕ್ರೋಮಿಯಂ ಬ್ರೌಸರ್ ಅವುಗಳಲ್ಲಿ ನಡೆಯುವುದಿಲ್ಲ. ಡಿಲ್ಲೊದಂತಹ ಹಗುರ ಬ್ರೌಸರ್ ನಡೆಯುತ್ತದೆ. ಆದರೆ ಅದು ಜಾವಾಸ್ಕ್ರಿಪ್ಟನ್ನು ಅರಿಯದು. ತಾಲ್ಲೂಕು, ಹೋಬಳಿ, ಗ್ರಾಮ ಆರಿಸುವ ಪಟ್ಟಿಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟಿನಿಂದಲೇ ಕೆಲಸ ಮಾಡುವುದರಿಂದ ಪುಟ ಕಂಡರೂ ಗುಂಡಿ ಒತ್ತಿದಾಗ ಏನೂ ಆಗುವುದಿಲ್ಲ.

2. ಮೆಮೊರಿ ಕೊರತೆ: 512 ಎಂ.ಬಿ. ಮೆಮೊರಿಯಲ್ಲಿ ಇಂದಿನ ಪುಟಗಳು ನಿಂತು ನಿಂತು ತೆರೆಯುತ್ತವೆ, ಇಲ್ಲವೆ ಅರ್ಧದಲ್ಲೇ ಮುಚ್ಚಿಹೋಗುತ್ತವೆ. 1 ಜಿ.ಬಿ. ಇದ್ದಲ್ಲಿ ಒಂದು ಸಲಕ್ಕೆ ಒಂದೇ ಪುಟ ತೆರೆಯುವುದು ಲೇಸು.

3. ಒಂದೇ ಬ್ರೌಸರಿಗಾಗಿ ಬರೆದ ಪುಟ: ಹಿಂದೆ ಅನೇಕ ಪುಟಗಳನ್ನು ವಿಂಡೋಸಿನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ಗಮನದಲ್ಲಿಟ್ಟು ಬರೆಯುತ್ತಿದ್ದರು. ಆ ಬ್ರೌಸರ್ ಕಿರು ಕಂಪ್ಯೂಟರಿಗೆ ಎಂದೂ ಬರಲಿಲ್ಲ. 2022ರ ಜೂನ್‌ನಲ್ಲಿ ಅದರ ತಯಾರಕರೇ ಅದಕ್ಕೆ ವಿದಾಯ ಹೇಳಿದರು. ಇಂತಹ ಹಳೆಯ ಪುಟ ಎದುರಾದರೆ ಬಳಕೆದಾರರು ಮಾಡುವಂಥದ್ದು ಹೆಚ್ಚೇನೂ ಇಲ್ಲ. ಇಲಾಖೆಯ ಗಮನಕ್ಕೆ ತರಬೇಕು.

4. ಕನ್ನಡ ಅಕ್ಷರಗಳು: ಯೂನಿಕೋಡ್ ಪುಟದಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲವೆಂದು ತಿಳಿಯಬೇಕು. ‘ಲೋಹಿತ್ ಕನ್ನಡ’ ಅಥವಾ ‘ನೋಟೊ ಸಾನ್ಸ್ ಕನ್ನಡ’ ಫಾಂಟನ್ನು ಉಚಿತವಾಗಿ ಅಳವಡಿಸಿಕೊಳ್ಳಬಹುದು. ಚೌಕಗಳ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಆ ದಾಖಲೆ ನುಡಿಯಂತಹ ಹಳೆಯ ಪದ್ಧತಿಯ ಫಾಂಟಿನಲ್ಲಿ ಸಿದ್ಧವಾದುದಿರಬಹುದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಓದಬೇಕು.

5. ಗಡಿಯಾರ ಹಿಂದುಳಿಯುವುದು: ಪೈ 4ರವರೆಗಿನ ಮಾದರಿಗಳಲ್ಲಿ ವಿದ್ಯುತ್ ಹೋದಾಗಲೂ ನಡೆಯುವ ಗಡಿಯಾರ ಇಲ್ಲ. ಪೈ 5ರಲ್ಲಿ ಇದೆ, ಆದರೆ ಅದರ ಬ್ಯಾಟರಿಯನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬೇಕು. ಯಂತ್ರವು ಕೆಲವು ದಿನ ಆರಿದ್ದು ಮತ್ತೆ ಶುರುವಾದರೆ, ಇಂಟರ್ನೆಟ್‌ನಿಂದ ಸಮಯ ಪಡೆಯುವವರೆಗೆ ಹಳೆಯ ದಿನಾಂಕವನ್ನೇ ತೋರಿಸುತ್ತದೆ. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ದಿನಾಂಕ ತಾಳೆಯಾಗದಿದ್ದರೆ ಬ್ರೌಸರ್ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತಡೆಯುತ್ತದೆ. ಆಗ ಎಚ್ಚರಿಕೆಯನ್ನು ಬದಿಗೊತ್ತಿ ಮುಂದುವರಿಯಬಾರದು. ಮೊದಲು ದಿನಾಂಕ ಸರಿಪಡಿಸಬೇಕು.

ಬೆಂಗಳೂರಿನ ಒಂದು ಪ್ರಯತ್ನ

ಈ ಹೊಂದಾಣಿಕೆಯ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು. ಗ್ರಾಮೀಣ ಜನರಿಗೆ ಸ್ಥಳೀಯ ಭಾಷೆಯಲ್ಲಿ ಮಾಹಿತಿ ತಲುಪಿಸುವುದು ಅದರ ಉದ್ದೇಶ. ಅದೂ ಲಿನಕ್ಸ್‌ನಿಂದಲೇ ನಡೆಯುತ್ತಿತ್ತು. ಪುಟ್ಟ ಯಂತ್ರಕ್ಕೆ ಹೊಂದುವಂತೆ ಪುಟ ಬರೆಯಲು ಐ.ಎಂ.ಎಲ್. ಎಂಬ ಪ್ರತ್ಯೇಕ ಭಾಷೆಯನ್ನೇ ಸಿದ್ಧಪಡಿಸಿದ್ದರು. 2004ರಲ್ಲಿ ಅದರ ‘ಅಮಿಡಾ’ ಮಾದರಿ ಮಾರಾಟಕ್ಕೆ ಬಂದಿತಾದರೂ ವ್ಯಾಪಕ ಬಳಕೆಗೆ ಬರಲಿಲ್ಲ. ಅಂದು ಪುಟವನ್ನೇ ಯಂತ್ರಕ್ಕೆ ಹೊಂದಿಸಲು ಹೊರಟಿದ್ದರು. ಇಂದು ಪುಟಗಳು ಎಲ್ಲರಿಗೂ ಒಂದೇ ಆಗಿರುವುದರಿಂದ ಅದಕ್ಕೆ ತಕ್ಕ ಯಂತ್ರವನ್ನು ನಾವೇ ಆರಿಸಬೇಕಾಗಿದೆ.

ಕೊಳ್ಳುವ ಮುನ್ನ

ಪೈ 4 ಅಥವಾ ಪೈ 5ರಲ್ಲಿ ಕನಿಷ್ಠ 2 ಜಿ.ಬಿ., ಸಾಧ್ಯವಾದರೆ 4 ಜಿ.ಬಿ. ಮೆಮೊರಿಯ ಮಾದರಿ ಸೂಕ್ತ. ಕ್ರೋಮಿಯಂ ಮತ್ತು ಫೈರ್‌ಫಾಕ್ಸ್ ಎರಡನ್ನೂ ಇಟ್ಟುಕೊಳ್ಳಬೇಕು. ಒಂದರಲ್ಲಿ ತೆರೆಯದ ಪುಟ ಇನ್ನೊಂದರಲ್ಲಿ ತೆರೆಯುವುದುಂಟು. ಮಾರುವವರ ಮುಂದೆಯೇ ಕೆಳಗಿನ ಪರೀಕ್ಷೆಗಳನ್ನು ಮಾಡಿ ನೋಡುವುದು ಒಳ್ಳೆಯದು.

(ಅ) ತಮ್ಮದೇ ಸರ್ವೆ ನಂಬರಿನ ಪಹಣಿಯನ್ನು ತೆರೆದು ಮುದ್ರಿಸುವುದು. ಪಹಣಿ ಬೇರೆ ಕಿಟಕಿಯಲ್ಲಿ ತೆರೆಯುವಂತಿದ್ದರೆ ‘ಪಾಪ್ ಅಪ್’ಗೆ ಅನುಮತಿ ಕೊಡಬೇಕು.

(ಆ) ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ಹುಡುಕುವುದು.

(ಇ) ‘ಕೊಬ್ಬರಿ’, ‘ಕ್ಷೇತ್ರ’, ‘ವರ್ಷ’ ಎಂಬ ಪದಗಳನ್ನು ಬೆರಳಚ್ಚಿಸಿ ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಮೂಡುವುದನ್ನು ನೋಡುವುದು.

(ಈ) ಯಂತ್ರವನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ, ದಿನಾಂಕ ಸರಿಯಿದೆಯೇ ಎಂದು ಪರಿಶೀಲಿಸುವುದು.

ಬೆರಳ ಗುರುತು ಪಡೆಯುವ ಸಾಧನಗಳ ತಂತ್ರಾಂಶವನ್ನು ಹೆಚ್ಚಾಗಿ ವಿಂಡೋಸ್ ಅಥವಾ ಆಂಡ್ರಾಯ್ಡ್‌ಗಾಗಿ ಮಾಡಿರುತ್ತಾರೆ. ಆದ್ದರಿಂದ ಬೆರಳ ಗುರುತು ಬೇಕಾದ ಕೆಲಸಗಳಿಗೆ ಕಿರು ಕಂಪ್ಯೂಟರನ್ನು ನಂಬಿಕೊಳ್ಳದೆ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗುವುದು ಸೂಕ್ತ.

ಬ್ರೌಸರನ್ನು ತಿಂಗಳಿಗೊಮ್ಮೆಯಾದರೂ ನವೀಕರಿಸಬೇಕು. ಆದರೆ ನೋಂದಣಿಯ ಕೊನೆಯ ದಿನ ಈ ಕೆಲಸಕ್ಕೆ ಕೈ ಹಾಕಬಾರದು. ಹೊಂದಾಣಿಕೆ ನೋಡಿ ಯಂತ್ರವನ್ನು ಆರಿಸಿ, ಗಡುವಿಗೆ ಒಂದು ವಾರ ಮೊದಲೇ ಬೇಕಾದ ಪುಟಗಳನ್ನು ತೆರೆದು ನೋಡಿಕೊಂಡಲ್ಲಿ, ಪಹಣಿ ನೋಡಲು ಮತ್ತು ಧಾರಣೆ ತಿಳಿಯಲು ತಾಲ್ಲೂಕು ಕೇಂದ್ರಕ್ಕೆ ಅಲೆಯುವುದನ್ನು ರೈತ ಬಾಂಧವರು ತಪ್ಪಿಸಿಕೊಳ್ಳಬಹುದು.